ಸೇದದವನ ಕಡ್ಡಿಪೆಟ್ಟಿಗೆ

ಕಡ್ಡಿಯಣ್ಣ ಸಿಗರೇಟು ಸೇದುವವನಲ್ಲ. ಆದರೂ ಅವನ ಅಂಗಿಯ ಎಡಜೇಬಿನಲ್ಲಿ ಕಡ್ಡಿಪೆಟ್ಟಿಗೆ ಇಲ್ಲದ ದಿನವಿರಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಾರಲ್ಲ, ಇವನದು ಹೊಗೆಯಿಲ್ಲದ ಬೆಂಕಿ.

ಅವನಿಗೆ ಕೆಲಸ ದೊಡ್ಡಾಸ್ಪತ್ರೆಯ ಹಿಂದೆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ರೋಗಿಗಳ ಹಾಸಿಗೆ ಬಟ್ಟೆ, ಹೊದಿಕೆ, ಡಾಕ್ಟರ ನಿಲುವಂಗಿ ಎಲ್ಲ ಅಲ್ಲಿಗೆ ಬರುತ್ತಿದ್ದವು. ಮೊದಲ ಕೋಣೆಯಲ್ಲಿ ಬೇಯಿಸಿ ಒಗೆಯುವುದು, ನಡುವಿನದರಲ್ಲಿ ಒಣಗಿಸುವುದು, ಕೊನೆಯದರಲ್ಲಿ ಇಸ್ತ್ರಿ ಮತ್ತು ಮಡಿಕೆ. ಕಡ್ಡಿಯಣ್ಣ ಮಡಿಕೆಯವನು. ಹಾಸಿಗೆ ಬಟ್ಟೆ ಮಡಿಸಲು ಇಬ್ಬರು ಬೇಕು. ಈ ಕಡೆ ಒಬ್ಬರು ಆ ಕಡೆ ಒಬ್ಬರು ತುದಿ ಹಿಡಿದರೆ ಸಾಲದು, ಕೊಡವುವಾಗ ಒಟ್ಟಿಗೆ ಕೊಡವಬೇಕು, ಎಳೆಯುವಾಗ ಒಟ್ಟಿಗೆ ಎಳೆಯಬೇಕು, ಆಮೇಲೆ ಒಬ್ಬರತ್ತ ಒಬ್ಬರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಯಂತ್ರದ ಗದ್ದಲದಲ್ಲಿ ಅಲ್ಲಿ ಯಾರ ಮಾತೂ ಯಾರಿಗೂ ಕೇಳದು. ಕೈಯೇ ಮಾತು, ಕಣ್ಣೇ ಕಿವಿ.

ಅವನ ಎದುರು ತುದಿ ಹಿಡಿಯುತ್ತಿದ್ದವಳನ್ನು ಎಲ್ಲರೂ ಮೂಗುಬಟ್ಟೆಯಕ್ಕ ಅನ್ನುತ್ತಿದ್ದರು. ಬಂದಾಗಿನಿಂದ ಹೋಗುವ ತನಕ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಇರುವವಳು. ನಾರಿನ ಧೂಳಿಗೆ ಹೆದರುತ್ತಾಳೆ ಅಂತ ಕೆಲವರು, ನಮ್ಮ ವಾಸನೆ ಆಗದ ಮಹಾರಾಣಿ ಅಂತ ಇನ್ನು ಕೆಲವರು. ಕಡ್ಡಿಯಣ್ಣ ಏನೂ ಅಂದುಕೊಂಡಿರಲಿಲ್ಲ. ವರ್ಷಗಟ್ಟಲೆ ಅವಳ ಎದುರು ನಿಂತಿದ್ದ. ಅವಳ ಹುಬ್ಬು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಇನ್ನು ಕಡ್ಡಿಪೆಟ್ಟಿಗೆಯ ಸಂಗತಿ. ಒಣಗುವ ಬಟ್ಟೆಯಿಂದ ಉದುರುವ ನಾರಿನ ಧೂಳು ಇದೆಯಲ್ಲ, ಅದು ಹತ್ತಿಗಿಂತ ಹಗುರ, ಸೀಮೆಎಣ್ಣೆಗಿಂತ ಚುರುಕು. ಹಿಂದೊಮ್ಮೆ ಯಾರದೋ ಸಿಗರೇಟಿನಿಂದ ಅದು ಹೊತ್ತಿಕೊಂಡು ಒಂದು ಗಾಡಿ ಬಟ್ಟೆ ಬೂದಿಯಾಗಿತ್ತು. ಆಗಿದ್ದ ಮೇಸ್ತ್ರಿ ಹಳೇ ಕಾಲದ ಮನುಷ್ಯ, ಬೈದು ಪ್ರಯೋಜನವಿಲ್ಲ ಅಂತ ತಿಳಿದವನು. ಎಲ್ಲರನ್ನೂ ನಿಲ್ಲಿಸಿ, "ಸೇದೋದು ಬಿಡ್ರಪ್ಪ ಅಂದ್ರೆ ನೀವು ಬಿಡೋ ಜನ ಅಲ್ಲ. ಬಾಯ್ಲರ್ ಗೋಡೆ ಆಚೆ ಸೇದ್ಕೊಳ್ಳಿ. ಆದ್ರೆ ಬೆಂಕಿ ಮಾತ್ರ ನಿಮ್ಮ ಜೇಬಲ್ಲಿ ಇರಕೂಡದು. ಸೇದೋನ ಕೈಲಿ ಕಡ್ಡಿಪೆಟ್ಟಿಗೆ, ಬೆಕ್ಕಿನ ಕೈಲಿ ಹಾಲಿನ ಪಾತ್ರೆ, ಎರಡೂ ಒಂದೇ. ಹಾಲು ಕುಡೀದೋನು ಒಬ್ಬ ಇದಾನಾ ಇಲ್ಲಿ?" ಅಂದ.

ಎಲ್ಲರೂ ಮೂಲೆಯಲ್ಲಿ ನಿಂತಿದ್ದ ತೆಳ್ಳಗಿನ ಮನುಷ್ಯನ ಕಡೆ ತಿರುಗಿದರು. ಅಂದಿನಿಂದ ಅವನು ಕಡ್ಡಿಯಣ್ಣ. ಅದಕ್ಕೂ ಮುಂಚೆ ಅವನನ್ನು ಕರೆಯುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ.

ಅವನದು ಒಂಟಿ ಜೀವ. ಮದುವೆಯ ಮಾತು ಎರಡು ಸಲ ಬಂದು ಹೊಸ್ತಿಲಲ್ಲೇ ನಿಂತು ಹಿಂದಕ್ಕೆ ಹೋಗಿತ್ತು. ತಾಯಿ ಇರುವಷ್ಟು ದಿನ ಮನೆಯಲ್ಲಿ ಬೈಗುಳವಾದರೂ ಕೇಳುತ್ತಿತ್ತು. ಅವಳು ಹೋದ ಮೇಲೆ ಕೋಣೆಯಲ್ಲಿ ಸದ್ದು ಮಾಡುವುದು ನಲ್ಲಿಯೊಂದೇ. ತೊಟ್ಟಿಕ್ಕುವ ಆ ನಲ್ಲಿಗೆ ಹೊಸ ವಾಷರ್ ಹಾಕಿಸಲು ಮನೆಯೊಡೆಯ ಬಂದಾಗ, "ಇರ್ಲಿ ಬಿಡಿ, ಪರವಾಗಿಲ್ಲ" ಅಂದು ಕಳಿಸಿದ್ದ.

ಆದರೆ ಮಧ್ಯಾಹ್ನದ ಬಿಡುವಿನಲ್ಲಿ ಬಾಯ್ಲರ್ ಗೋಡೆಯ ಆಚೆ ಅವನು ರಾಜ. ಗೋಡೆಗೆ ಒರಗಿ ಒಂದು ಮರ, ಮರದ ಕೆಳಗೆ ಉದ್ದನೆಯ ಕಲ್ಲು. ಹೊರಗೆ ಬಂದವರೆಲ್ಲ ಸಿಗರೇಟು ತುಟಿಗಿಟ್ಟುಕೊಂಡು, "ಬೆಂಕಿ ಇದೆಯಾ ಅಣ್ಣಾ?" ಅನ್ನಬೇಕು. ಇದೆ ಅಂತ ಗೊತ್ತಿದ್ದೂ ಕೇಳಬೇಕು, ಅದು ಅಲ್ಲಿನ ಮರ್ಯಾದೆ. ಇವನು ಎರಡು ಅಂಗೈ ಬಟ್ಟಲು ಮಾಡಿ, ಗಾಳಿಗೆ ಬೆನ್ನು ಕೊಟ್ಟು, ಕಡ್ಡಿ ಗೀರುತ್ತಿದ್ದ. ಆ ಬಟ್ಟಲಿನ ಮೇಲೆ ಒಂದೊಂದೇ ಮುಖ ಬಾಗುತ್ತಿತ್ತು. ಅವನ ಬದುಕಿನಲ್ಲಿ ಮನುಷ್ಯರ ಮುಖ ಅಷ್ಟು ಹತ್ತಿರ ಬರುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಯಾರ ಕಣ್ಣಿಗೆ ಪೊರೆ ಬರುತ್ತಿದೆ, ಯಾರು ರಾತ್ರಿ ಜಗಳ ಮಾಡಿಕೊಂಡು ಬಂದಿದ್ದಾರೆ, ಯಾರು ಕ್ಷೌರಕ್ಕೆ ಸೋಮಾರಿತನ ಮಾಡಿದ್ದಾರೆ, ಎಲ್ಲ ಒಂದು ಕಡ್ಡಿಯ ಬೆಳಕಿನಲ್ಲಿ ತಿಳಿಯುತ್ತಿತ್ತು. ಹೊತ್ತಿಸಿದ ಮೇಲೆ ಮಾತು. ಅಳಿಯನ ದೂರು, ಸೊಂಟನೋವು, ಸಂಬಳ, ನಗು. ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಿನ ನಡುವೆ ನಿಂತಿರುತ್ತಿದ್ದ, ಚಳಿಯಲ್ಲಿ ಒಲೆಯ ಹತ್ತಿರ ನಿಂತ ಹಾಗೆ.

ಅಲ್ಲಿ ಎಲ್ಲರಿಗಿಂತ ಜೋರು ಬಾಯ್ಲರ್ ಭಾವನದು. ಬಾಯ್ಲರ್ ನೋಡಿಕೊಳ್ಳುವವನು, ಕಂಡವರನ್ನೆಲ್ಲ ಭಾವ ಅನ್ನುವವನು.

"ಏನ್ ಭಾವ, ಊರಿಗೆಲ್ಲ ಬೆಂಕಿ ಹಚ್ಚಿ ನೀನು ಮಾತ್ರ ತಣ್ಣಗಿದೀಯಲ್ಲ!" ಅಂತ ದಿನಾ ಅದೇ ಹಾಸ್ಯ. ದಿನಾ ಅದಕ್ಕೇ ಕಡ್ಡಿಯಣ್ಣ ನಗುತ್ತಿದ್ದ.

ಹೀಗಿರುವಾಗ ಕಾನೂನು ಬಂತು. ಆಸ್ಪತ್ರೆ, ಅದಕ್ಕೆ ಸೇರಿದ ಕಟ್ಟಡ, ಅಂಗಳ, ಮರದಡಿ, ಎಲ್ಲೂ ಹೊಗೆ ಬಿಡುವಂತಿಲ್ಲ. ಬಾಯ್ಲರ್ ಗೋಡೆಗೇ ಫಲಕ ಹೊಡೆದರು. ಹೊಸದಾಗಿ ಬಂದಿದ್ದ ಮ್ಯಾನೇಜರಮ್ಮ ಕೆಟ್ಟವಳಲ್ಲ, ಕೆಲಸದವರ ಹೆಸರು ಕೇಳಿ ತಿಳಿದುಕೊಳ್ಳುವವಳು. ಅಂದು ಎಲ್ಲರನ್ನೂ ಸೇರಿಸಿ ನಯವಾಗಿಯೇ ಹೇಳಿದಳು.

ಬಾಯ್ಲರ್ ಭಾವ ಸುಮ್ಮನಿರುವ ಪೈಕಿಯೇ? "ಮೇಡಂ, ನನ್ನ ದುಡ್ಡು, ನನ್ನ ಎದೆ, ನನ್ನ ಸಾವು. ಸರಕಾರಕ್ಕೇನು ನೋವು? ನಾಳೆ ಉಪ್ಪು ಜಾಸ್ತಿ ತಿಂದೆ ಅಂತ ತಟ್ಟೆಗೂ ಬೋರ್ಡು ಹೊಡೀತೀರಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. "ಉಪ್ಪು ನಿಮ್ಮ ತಟ್ಟೇಲೇ ಇರುತ್ತಲ್ಲ. ಪಕ್ಕದೋರ ತಟ್ಟೆಗೆ ಹಾರಲ್ಲ" ಅಂದಳು.

"ಪಕ್ಕದೋರು ಯಾರು ಇದಾರೆ ಅಲ್ಲಿ? ನಾವು ನಾವೇ."

ಅವಳು ಸಭೆ ಮುಗಿದ ಮೇಲೆ ಕಡ್ಡಿಯಣ್ಣನನ್ನು ಹತ್ತಿರ ಕರೆದು, "ನೀವು ಸೇದಲ್ವಂತೆ. ಒಳಗೆ ಯಾರಾದ್ರೂ ಸೇದಿದ್ದು ಕಂಡ್ರೆ ನನ್ನ ಕಿವಿಗೆ ಹಾಕಿ" ಅಂದಳು. ಅವನ ಕೈ ಎಡಜೇಬಿನ ಮೇಲೆ ಹೋಯಿತು.

ಮರುದಿನ ಬಿಡುವಿನಲ್ಲಿ ಸೇದುವವರೆಲ್ಲ ಗೇಟು ದಾಟಿ, ರಸ್ತೆ ದಾಟಿ, ಬಾಗಿಲು ಹಾಕಿದ್ದ ಒಂದು ಅಂಗಡಿಯ ಮುಂದೆ ನಿಂತರು. ಕಡ್ಡಿಯಣ್ಣನೂ ಹಿಂದೆ ಹೋದ. ಪೆಟ್ಟಿಗೆ ತೆಗೆದು ಅರ್ಧ ತೆರೆದು ಹಿಡಿದುಕೊಂಡ. ಯಾರೂ ಕೇಳಲಿಲ್ಲ. ಗೇಟಿನ ಹೊರಗೆ ಮೇಸ್ತ್ರಿಯ ಕಟ್ಟಳೆ ನಡೆಯುವುದಿಲ್ಲವಲ್ಲ. ಒಬ್ಬೊಬ್ಬನ ಕೈಯಲ್ಲೂ ಒಂದೊಂದು ಲೈಟರು, ಟಕ್ ಟಕ್ ಅಂತ.

"ಅಣ್ಣಾ, ನೀನ್ಯಾಕೆ ಬಿಸಿಲಲ್ಲಿ ಬಂದೆ? ಒಳಗೆ ತಣ್ಣಗೆ ಕೂತ್ಕೋಬಾರ್ದಾ?" ಅಂತ ಒಬ್ಬ ಪ್ರೀತಿಯಿಂದಲೇ ಕೇಳಿದ. ಕಡ್ಡಿಯಣ್ಣ ಮದುವೆ ಮನೆಗೆ ಕರೆಯದೆ ಬಂದವನಂತೆ ನಿಂತ.

ಅವರ ನಡುವೆ ನಿಲ್ಲಲು ಒಂದು ನೆಪ ಬೇಕಿತ್ತು. ಮೂರನೆಯ ದಿನ ಅವನೂ ಒಂದು ಸಿಗರೇಟು ಕೊಂಡ. ಆ ವಯಸ್ಸಿನಲ್ಲಿ ಮೊದಲ ದಮ್ಮು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. "ಮುದುಕ ಮೈನೆರೆದ!" ಅಂತ ಯಾರೋ ಕೂಗಿದರು. ಬೆನ್ನು ತಟ್ಟಿದರು, ನೀರು ತಂದರು. ಕೆಮ್ಮಿನ ನಡುವೆಯೂ ಅವನಿಗೆ ಸುಖವಾಗಿತ್ತು.

ಅಂದು ಮಧ್ಯಾಹ್ನ ಮಡಿಕೆಯ ಕೋಣೆಯಲ್ಲಿ ಬಟ್ಟೆ ಕೊಡವಿ, ಎಳೆದು, ತುದಿ ಸೇರಿಸಲು ಅವನು ಮುಂದೆ ನಡೆದ. ಮೂಗುಬಟ್ಟೆಯಕ್ಕ ಎರಡು ಹೆಜ್ಜೆ ಬಂದವಳು ನಿಂತುಬಿಟ್ಟಳು. ತುದಿ ಕೈಬಿಟ್ಟಳು. ಒಗೆದು ಇಸ್ತ್ರಿಯಾದ ಬಟ್ಟೆ ನೆಲಕ್ಕೆ ಬಿತ್ತು. ಅವಳು ಗೋಡೆಯ ಕಡೆ ತಿರುಗಿ, ಎದೆ ಒತ್ತಿಕೊಂಡು, ಸಿಳ್ಳೆಯಂತಹ ಉಸಿರು ಎಳೆಯುತ್ತಿದ್ದಳು.

ಸಂಜೆ ಯಂತ್ರ ನಿಂತ ಮೇಲೆ ಅವಳು ಬಾಗಿಲ ಬಳಿ ಅವನಿಗಾಗಿ ಕಾದಿದ್ದಳು.

"ನೀವೂ ಶುರು ಮಾಡಿದ್ರಾ?" ಅಂದಳು.

"ಸುಮ್ನೆ... ಅವರ ಜೊತೆಗೆ."

"ಮೊದಲು ಬೇರೆ ಯಾರ ಎದುರೋ ಹಾಕಿದ್ರು ನನ್ನ. ಮೇಸ್ತ್ರಿ ಕಾಲು ಹಿಡಿದು ನಿಮ್ಮ ಎದುರು ಹಾಕಿಸ್ಕೊಂಡೆ. ನಿಮ್ಮ ಅಂಗೀಲಿ ವಾಸನೆ ಇರ್ತಿತ್ತು, ಉಸಿರಲ್ಲಿ ಇರ್ಲಿಲ್ಲ. ಅಂಗಿ ವಾಸನೆ ಹೇಗೋ ತಡ್ಕೋಬಹುದು." ಅವಳು ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದಳು. "ನಂಗೆ ಚಿಕ್ಕಂದಿನಿಂದ ಉಬ್ಬಸ. ಊಟಕ್ಕೆ ಆ ಮರದ ಕೆಳಗೆ ಕೂರ್ಬೇಕು ಅಂತ ಆಸೆ. ಒಂದಿನವೂ ಆಗ್ಲಿಲ್ಲ."

"ಮತ್ತೆ ಎಲ್ಲಿ ಊಟ ಮಾಡ್ತಿದ್ರಿ?"

"ಕೊಳೆ ಬಟ್ಟೆ ಕೋಣೆ ಮೆಟ್ಟಿಲ ಮೇಲೆ."

ಕಡ್ಡಿಯಣ್ಣ ಮನೆಗೆ ಹೋದ. ಕೊಳೆ ಬಟ್ಟೆಯ ಕೋಣೆ ಅವನಿಗೆ ಗೊತ್ತು. ರಕ್ತ, ಕೀವು, ವಾಂತಿಯ ಬಟ್ಟೆ ರಾಶಿ ಬೀಳುವ ಜಾಗ. ಅಲ್ಲಿ ಕೂತು ತುತ್ತು ನುಂಗುವುದೆಂದರೆ! ಪಕ್ಕದವರು ಯಾರೂ ಇಲ್ಲ, ನಾವು ನಾವೇ ಅಂತ ಬಾಯ್ಲರ್ ಭಾವ ಅಂದಾಗ ಅವಳು ಹಿಂದಿನ ಸಾಲಿನಲ್ಲೇ ನಿಂತಿದ್ದಳಲ್ಲ ಅನ್ನುವುದು ನಲ್ಲಿಯ ಹನಿ ಎಣಿಸುತ್ತಾ ಕೂತಾಗ ನೆನಪಾಯಿತು. ಮತ್ತೆ ಅವನು ಸಿಗರೇಟು ಮುಟ್ಟಲಿಲ್ಲ. ಆದರೆ ರಸ್ತೆ ದಾಟುವುದನ್ನು ಬಿಡಲೂ ಆಗಲಿಲ್ಲ. ದೂರದಲ್ಲಿ, ಹೊಗೆ ತಾಗದ ಕಡೆ ನಿಂತು, ಮಾತು ಕೇಳಿಸಿದಷ್ಟು ಕೇಳಿಸಿಕೊಂಡು ಬರುತ್ತಿದ್ದ.

ಆ ಗುಂಪಿನಲ್ಲಿ ಬಾಯ್ಲರ್ ಭಾವ ಮಾತ್ರ ಕಾಣುತ್ತಿರಲಿಲ್ಲ. ಅವನ ಮಂಡಿ ಸವೆದಿತ್ತು. ರಸ್ತೆ ದಾಟಿ ಹೋಗಿ ಬರುವಷ್ಟರಲ್ಲಿ ಬಿಡುವೇ ಮುಗಿಯುತ್ತಿತ್ತು, ಬಾಯ್ಲರನ್ನು ಅಷ್ಟು ಹೊತ್ತು ಬಿಟ್ಟು ಹೋಗುವಂತೆಯೂ ಇರಲಿಲ್ಲ. ನಿವೃತ್ತಿ ಹತ್ತಿರವಿತ್ತು. ಬಿಟ್ಟಿರಬೇಕು ಪಾಪ, ಅಂದುಕೊಂಡಿದ್ದ ಕಡ್ಡಿಯಣ್ಣ.

ಒಂದು ದಿನ ಮಡಿಕೆಗೆ ಬಂದ ಬಟ್ಟೆಯನ್ನು ಇಬ್ಬರೂ ಕೊಡವಿ ಬಿಡಿಸಿದರು. ನಟ್ಟನಡುವೆ ಕಡಲೆಕಾಳಿನಷ್ಟು ತೂತು. ಅಂಚು ಕಂದು, ಮುಟ್ಟಿದರೆ ಉದುರುವಂತೆ ಸುಟ್ಟಿತ್ತು. ಒಗೆದ ಮೇಲೆ ಸುಟ್ಟದ್ದು ಅದು, ಮೊದಲೇ ಸುಟ್ಟಿದ್ದರೆ ಅಂಚು ತೊಳೆದು ಹೋಗಿರುತ್ತಿತ್ತು. ಅಂದರೆ ಒಣಗಿಸುವ ಕೋಣೆಯಲ್ಲಿ. ಆ ಕೋಣೆಗೂ ಬಾಯ್ಲರಿಗೂ ನಡುವೆ ಒಂದೇ ಬಾಗಿಲು.

ಕಡ್ಡಿಯಣ್ಣ ಅವಳ ಕಡೆ ನೋಡಲಿಲ್ಲ. ತೂತು ಒಳಗೆ ಹೋಗುವಂತೆ ಬಟ್ಟೆಯನ್ನು ಮಡಿಸಿದ. ಅವಳು ತನ್ನ ತುದಿಯಿಂದ ಬಿಡಿಸಿದಳು. ಅವನು ಮತ್ತೆ ಮಡಿಸಿದ. ಅವಳು ಮತ್ತೆ ಬಿಡಿಸಿದಳು. ಯಂತ್ರ ಗರಗರ ಅನ್ನುತ್ತಿತ್ತು. ಅವನು ತಲೆ ಅಲ್ಲಾಡಿಸಿ, ಬೇಡ, ಪಾಪ ಅನ್ನುವಂತೆ ಕೈ ತೋರಿಸಿದ. ಅವಳು ಕಣ್ಣಿನಿಂದಲೇ ಮೂಲೆ ತೋರಿಸಿದಳು. ಮೂಲೆಯಲ್ಲಿ, ಗೋಡೆಯುದ್ದಕ್ಕೂ, ಕಿಟಕಿಯ ಸರಳಿನ ಮೇಲೆ, ಅವನ ಹೆಗಲ ಮೇಲೂ, ನಾರಿನ ಧೂಳು ಬೆಳ್ಳಗೆ ಕೂತಿತ್ತು. ಕೊನೆಗೆ ಬಟ್ಟೆ ಇಬ್ಬರ ನಡುವೆ ಬಿಗಿಯಾಗಿ ನಿಂತಿತು. ಅವನು ಎಳೆಯುತ್ತಿರಲಿಲ್ಲ, ಅವಳೂ ಎಳೆಯುತ್ತಿರಲಿಲ್ಲ, ಆದರೆ ಇಬ್ಬರೂ ಬಿಡಲಿಲ್ಲ.

ಸಂಜೆ ಅವನು ಬಾಯ್ಲರ್ ಕೋಣೆಗೆ ಹೋದ. ಭಾವ ಮಂಡಿ ನೀವಿಕೊಳ್ಳುತ್ತಾ ಕೂತಿದ್ದ.

"ಲೈಟರ್ ಕೊಡು ಭಾವ. ಮೊದಲಿನ ಹಾಗೆ ನನ್ನ ಹತ್ತಿರ ಇರ್ಲಿ" ಅಂದ ಕಡ್ಡಿಯಣ್ಣ.

"ಯಾವ ಲೈಟರು?"

"ಬಟ್ಟೆ ಸುಟ್ಟಿದೆ."

ಭಾವ ಸಿಡಿದ. "ಗೋಡೆ ಆಚೆ ಬಿಟ್ಟಿದ್ರೆ ಒಳಗೆ ಯಾಕೆ ಬರ್ತಿದ್ದೆ? ಹೊರಗಿದ್ದ ಬೆಂಕೀನ ಒಳಗೆ ತಂದಿದ್ದು ನಾನಾ, ಆ ಬೋರ್ಡಾ? ಈ ಮಂಡಿ ಇಟ್ಕೊಂಡು ರಸ್ತೆ ದಾಟ್ಲಾ? ಹೇಳು!"

"ದಾಟಕ್ಕಾಗಲ್ಲ. ಗೊತ್ತು. ಅದಕ್ಕೇ ಕೇಳ್ತಿದೀನಿ."

"ಕೇಳೋಕೆ ನೀನ್ಯಾರು, ಸರಕಾರನಾ? ಒಂದು ದಮ್ಮು ಎಳೆಯಕ್ಕೆ ಬರಲ್ಲ, ಇಷ್ಟು ವರ್ಷ ನಮ್ಮ ಮಧ್ಯೆ ಯಾಕೆ ನಿಲ್ತಿದ್ದೆ? ಬಿಟ್ಟಿ ಹೊಗೆಗಾ?"

ಕಡ್ಡಿಯಣ್ಣ ನೆಲ ನೋಡಿದ. "ಮಾತಿಗೆ" ಅಂದ.

ಆ ಒಂದು ಪದ ಕೇಳಿ ಭಾವನ ಸಿಟ್ಟು ಇಳಿಯಬೇಕಿತ್ತು. ಇಳಿಯಿತೋ ಏನೋ, ಮುಖ ಮಾತ್ರ ಆ ಕಡೆ ತಿರುಗಿಸಿದ. ಲೈಟರು ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಕಡ್ಡಿಯಣ್ಣ ಮ್ಯಾನೇಜರಮ್ಮನ ಮೇಜಿನ ಮುಂದೆ ನಿಂತ. ತೂತು ಬಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ತೂತು ಮೇಲೆ ಬರುವಂತೆ ಇಟ್ಟ.

"ಹೆಸರು ಕೇಳಬೇಡಿ ಮೇಡಂ, ನಾನು ಹೇಳಲ್ಲ. ಯಾರನ್ನೂ ಕೆಲಸದಿಂದ ತೆಗೀಬೇಡಿ. ಗೋಡೆ ಆಚೆ ಮೂಲೇಲಿ, ಮರದಿಂದ ದೂರ, ಒಂದು ಜಾಗ ಕೊಟ್ರೆ..."

"ಅದು ನನ್ನ ಕೈಲಿಲ್ಲ. ಕಾನೂನು ಅಂಗಳ ಪೂರ್ತಿ ಅನ್ನುತ್ತೆ."

"ಹಾಗಾದ್ರೆ ಗೇಟಲ್ಲಿ ಎಲ್ಲರ ಬೆಂಕಿ ತಗೊಂಡು ಇಟ್ಕೊಳ್ಳಿ. ಹೋಗೋವಾಗ ಕೊಡಿ. ಒಳಗೆ ಒಂದು ಕಡ್ಡೀನೂ ಬರಬಾರ್ದು."

ಅವಳು ಬಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು, ಒಪ್ಪಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಒಳ್ಳೆಯವರು ಹೊಗಳುವಾಗ ಎಡವುತ್ತಾರೆ. ಎಲ್ಲರ ಮುಂದೆ, "ನಿಮ್ಮಲ್ಲೇ ಒಬ್ಬ ಹಿರಿಯರು ಒಳ್ಳೇ ಸಲಹೆ ಕೊಟ್ಟಿದ್ದಾರೆ" ಅಂದು, ಅವನ ಕಡೆ ನೋಡಿ ಮುಗುಳ್ನಕ್ಕಳು.

ಅಂದೇ ಗೇಟಿನಲ್ಲಿ ತಟ್ಟೆ ಇಟ್ಟರು. ಮೊದಲು ಕಡ್ಡಿಪೆಟ್ಟಿಗೆ ಇಟ್ಟವನು ಕಡ್ಡಿಯಣ್ಣನೇ. ಸಂಜೆ ಅದನ್ನು ವಾಪಸು ಕೊಂಡೊಯ್ದು ಮನೆಯ ಒಲೆಯ ಪಕ್ಕ ಇಟ್ಟ. ಮತ್ತೆ ಜೇಬಿಗೆ ಹಾಕಿಕೊಳ್ಳಲಿಲ್ಲ.

ಗದರಿಸಿದವರು ಯಾರೂ ಇಲ್ಲ. ಬೈದಿದ್ದರೂ ಆಗುತ್ತಿತ್ತು. ಅವನು ಬಂದರೆ ಮಾತು ನಿಲ್ಲುತ್ತಿತ್ತು, ಹಾಲು ಒಡೆದ ಹಾಗೆ. ಬಾಯ್ಲರ್ ಭಾವ ಅವನನ್ನು ಭಾವ ಅನ್ನುವುದು ಬಿಟ್ಟ. "ಸರಕಾರ ಬಂತು, ಜಾಗ ಬಿಡ್ರಪ್ಪ" ಅಂದುಬಿಟ್ಟ ಒಂದು ಸಲ. ಎಲ್ಲರೂ ಜಾಗ ಬಿಟ್ಟರು.

ಕಡ್ಡಿಯಣ್ಣ ಮಧ್ಯಾಹ್ನ ಮರದ ಕೆಳಗಿನ ಕಲ್ಲಿನ ಮೇಲೆ ಒಬ್ಬನೇ ಕೂರತೊಡಗಿದ. ಕೆಲವು ದಿನಗಳಾದ ಮೇಲೆ ಮೂಗುಬಟ್ಟೆಯಕ್ಕ ಊಟದ ಡಬ್ಬಿ ಹಿಡಿದು ಬಂದು ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಒಂದು ಹಾಸಿಗೆ ಬಟ್ಟೆಯ ಅಗಲದಷ್ಟು ಅಂತರ. ಮುಖದ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಅವಳ ಗಲ್ಲದ ಮೇಲೆ ಹಳೆಯ ಗಾಯದ ಗುರುತು ಇತ್ತು, ತುಟಿ ಚಿಕ್ಕದು. ಅವಳು ತಲೆ ಎತ್ತಿ ಮರ ನೋಡಿ, ಉದ್ದನೆಯ ಉಸಿರೊಂದನ್ನು ನಿಧಾನವಾಗಿ ಎಳೆದುಕೊಂಡಳು. ಆ ಉಸಿರಿನಲ್ಲಿ ಸಿಳ್ಳೆ ಇರಲಿಲ್ಲ.

"ಒಳ್ಳೇ ನೆರಳು" ಅಂದಳು.

"ಹೂಂ" ಅಂದ.

ಅಷ್ಟೇ. ಉಸಿರನ್ನು ಮಾತಿಗೆ ಖರ್ಚು ಮಾಡುವವಳಲ್ಲ ಅವಳು. ಅವನಿಗೋ ಮಾತು ಶುರು ಮಾಡಿ ಅಭ್ಯಾಸವಿಲ್ಲ, ಬೇರೆಯವರು ಶುರು ಮಾಡಿದ್ದನ್ನು ಕೇಳಿ ಅಭ್ಯಾಸ. ಇಬ್ಬರೂ ಊಟ ಮುಗಿಸಿ, ಡಬ್ಬಿ ತೊಳೆದು, ಒಳಗೆ ಹೋಗಿ ಮತ್ತೆ ತುದಿ ಹಿಡಿಯುತ್ತಿದ್ದರು. ಮಾಡಿದ್ದು ತಪ್ಪು ಅಂತ ಅವನಿಗೆ ಒಂದು ಗಳಿಗೆಯೂ ಅನಿಸಲಿಲ್ಲ. ಸರಿ ಮಾಡಿದವನ ಮನೆಯಲ್ಲೂ ನಲ್ಲಿ ಹಾಗೇ ತೊಟ್ಟಿಕ್ಕುತ್ತದೆ, ಅಷ್ಟೇ.

ಬಾಯ್ಲರ್ ಭಾವನ ಕೊನೆಯ ದಿನ ಬಂತು. ಹಾರ ಹಾಕಿದರು, ಕೈಗೊಂದು ಗಡಿಯಾರ ಕೊಟ್ಟರು. ಕಡ್ಡಿಯಣ್ಣ ಹಿಂದೆ ನಿಂತು ಚಪ್ಪಾಳೆ ತಟ್ಟಿದ. ಸಂಜೆ ಅವನು ಗೇಟು ದಾಟಿ ಹೊರಬಂದಾಗ ಭಾವ ಬಸ್ಸಿಗಾಗಿ ಒಬ್ಬನೇ ನಿಂತಿದ್ದ. ತುಟಿಯಲ್ಲಿ ಹಚ್ಚದ ಸಿಗರೇಟು. ಕಡ್ಡಿಯಣ್ಣ ತಲೆ ತಗ್ಗಿಸಿ ಪಕ್ಕದಿಂದ ಹೋಗುವವನಿದ್ದ.

"ಬೆಂಕಿ ಇದೆಯಾ ಭಾವ?"

ಕಡ್ಡಿಯಣ್ಣ ಗಕ್ಕನೆ ನಿಂತ. ಕೈ ಎಡಜೇಬಿಗೆ ಹೋಯಿತು. ಜೇಬು ಚಪ್ಪಟೆಯಾಗಿತ್ತು.

"ಇಲ್ಲ" ಅಂದ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳುವ ಮನುಷ್ಯ. "ಈಗ ಇಟ್ಕೊಳ್ಳಲ್ಲ."

ಭಾವ ಅವನ ಮುಖ ನೋಡಿದ. "ಸರಿ ಹಾಗಾದ್ರೆ" ಅಂದ. ಬಸ್ಸು ಬಂತು. ಕಂಬಿ ಹಿಡಿದು, ನೋಯುವ ಕಾಲನ್ನು ಕೈಯಿಂದಲೇ ಎತ್ತಿ ಮೆಟ್ಟಿಲ ಮೇಲಿಟ್ಟುಕೊಂಡು ಹತ್ತಿದ. ಬಸ್ಸು ಹೋಯಿತು.

ಕಡ್ಡಿಯಣ್ಣ ಎರಡು ಬೀದಿ ನಡೆದ ಮೇಲೆ ನಿಂತ. ಗೇಟಿನವನು ಸಂಜೆ ಎಲ್ಲರಿಗೂ ಅವರವರ ಲೈಟರು ವಾಪಸು ಕೊಡುತ್ತಾನೆ. ಭಾವನಿಗೂ ಕೊಟ್ಟಿದ್ದ. ಕೇಳುವಾಗ ಅದು ಭಾವನ ಕೈಯಲ್ಲೇ ಇತ್ತು, ಹಾರದ ಜೊತೆ ಹಿಡಿದುಕೊಂಡಿದ್ದ, ಕೆಂಪು ಬಣ್ಣದ್ದು. ಇವನ ಕಣ್ಣು ಅದನ್ನು ನೋಡಿತ್ತು. ತನ್ನನ್ನು ಮತ್ತೆ ಭಾವ ಅಂತ ಕರೆದಿದ್ದನ್ನು ಕಿವಿ ಕೇಳಿತ್ತು. ಕೇಳಿದ್ದು ಬೆಂಕಿಯನ್ನಲ್ಲ ಅಂತ ತಿಳಿದದ್ದು ಮಾತ್ರ ಈಗ. ತಿರುಗಿ ನೋಡಿದ. ಬಸ್ಸು ಹೋದ ದಾರಿಯಲ್ಲಿ ಬೇರೆ ಬಸ್ಸುಗಳು ಬರುತ್ತಿದ್ದವು. ಭಾವನ ಮನೆ ಎಲ್ಲಿ ಅಂತ ಅವನು ಎಂದೂ ಕೇಳಿರಲಿಲ್ಲ. ಗೋಡೆಯ ಆಚೆ ಸಿಗುವವನ ಮನೆ ಯಾಕೆ ಕೇಳಬೇಕು?

ಮರುದಿನ ಬೆಳಿಗ್ಗೆ ಒಲೆಯ ಪಕ್ಕದ ಕಡ್ಡಿಪೆಟ್ಟಿಗೆ ತೆಗೆದು ಎಡಜೇಬಿಗೆ ಹಾಕಿಕೊಂಡ. ಗೇಟಿನವನು ಜೇಬು ಮುಟ್ಟಿ ನೋಡಿ ನಕ್ಕ.

"ಏನಣ್ಣಾ ಇದು? ಬೇಡ ಅಂದವನು ನೀನೇ ಅಲ್ವಾ?"

"ಹೌದು, ನಾನೇ. ಸಂಜೆ ಹೊರಗೆ ಯಾರಾದ್ರೂ ಕೇಳ್ಬಹುದು" ಅಂದ ಕಡ್ಡಿಯಣ್ಣ. ಪೆಟ್ಟಿಗೆ ತೆಗೆದು, ಸಾಲಾಗಿ ಮಲಗಿದ್ದ ಲೈಟರುಗಳ ಪಕ್ಕ ತಟ್ಟೆಯಲ್ಲಿಟ್ಟು, ಒಳಗೆ ಹೋದ. ಮೂಗುಬಟ್ಟೆಯಕ್ಕ ಆಗಲೇ ಒಂದು ತುದಿ ಹಿಡಿದು ಕಾಯುತ್ತಿದ್ದಳು.